ಸಹಾಯ ಬೇಕು: ಸಿಯೋಲ್‌ನಲ್ಲಿ 88ರ ಅಳತೆಯ (ಕೊರಿಯಾದಲ್ಲಿ ಹೆಂಗಸರ ಉಡುಪಿನ ದೊಡ್ಡ ಅಳತೆ) ಕಚೇರಿ ಉಡುಪು ಎಲ್ಲಿ ಸಿಗುತ್ತದೆ?

ಎಲ್ಲರಿಗೂ ನಮಸ್ಕಾರ. ನಾನು ಸಿಯೋಲ್ ಹತ್ತಿರದ ಸುವೊನ್‌ನಲ್ಲಿದ್ದೇನೆ. ಮುಂದಿನ ತಿಂಗಳು ಸಿಯೋಲ್‌ನ ಕಚೇರಿಯೊಂದಕ್ಕೆ ಸೇರಬೇಕು, ತೊಟ್ಟುಕೊಂಡು ಹೋಗಲು ಒಪ್ಪುವ ಬಟ್ಟೆಯೇ ಸಿಗುತ್ತಿಲ್ಲ.

ಇಲ್ಲಿನ ಹೆಂಗಸರು ಉಡುವ ರೀತಿ ನನಗೆ ಬಹಳ ಇಷ್ಟ. ಸಡಿಲವಾದ ಪ್ಯಾಂಟು, ಮೊಣಕಾಲು ದಾಟುವ ಕೋಟು, ಕಪ್ಪು, ಬೂದು, ತಿಳಿಗಂದು ಬಣ್ಣಗಳು. ಮೆಟ್ರೋದಲ್ಲಿ ಕುಳಿತು ನೋಡುತ್ತಿದ್ದರೆ ಎಷ್ಟು ಅಚ್ಚುಕಟ್ಟು ಎನಿಸುತ್ತದೆ. ಗಿಡ್ಡ ಲಂಗವನ್ನು ಯಾರೂ ತಿರುಗಿ ನೋಡುವುದಿಲ್ಲ, ಆದರೆ ಕೊರಳು ಆಳವಾಗಿದ್ದರೆ ನೋಡುತ್ತಾರೆ. ಹಾಗಾಗಿ ಮೈತುಂಬ ಮುಚ್ಚುವ ಶರ್ಟುಗಳನ್ನೇ ಹುಡುಕುತ್ತಿದ್ದೇನೆ.

ತೊಂದರೆ ಇರುವುದು ಅಳತೆಯಲ್ಲಿ. ಎಕ್ಸ್‌ಪ್ರೆಸ್ ಬಸ್ ನಿಲ್ದಾಣದ ನೆಲದಡಿಯ ಅಂಗಡಿಗಳಲ್ಲಿ ಹೆಚ್ಚಿನ ಬಟ್ಟೆಗಳು ‘ಫ್ರೀ ಸೈಜ್’. ಅಂದರೆ ಒಂದೇ ಅಳತೆಯವು; ಅವು 55 ಅಥವಾ 66ರ ಚಿಕ್ಕ ಅಳತೆ ತೊಡುವವರಿಗೆ ಹೊಂದುತ್ತವೆ, ನನ್ನದು 88. ಅನೇಕ ಕಡೆ ತೊಟ್ಟು ನೋಡಲೂ ಬಿಡುವುದಿಲ್ಲ. ಪಾದರಕ್ಷೆಯ ಚಿಂತೆಯಿಲ್ಲ, ಅಳತೆ ಮಿಲಿಮೀಟರಿನಲ್ಲಿರುವುದರಿಂದ 250 ಎಂದು ಕೇಳಿದರೆ ಆಯಿತು.

ಸಿಯೋಲ್‌ನ ಇಟೆವಾನ್ ಬಡಾವಣೆಯಲ್ಲಿ ದೊಡ್ಡ ಅಳತೆಯ ಅಂಗಡಿಗಳಿವೆ, ಆದರೆ ಕಚೇರಿಗೆ ಒಪ್ಪುವಂಥದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ದೋಂಗ್ದೆಮುನ್‌ನ ಬಟ್ಟೆ ಮಾರುಕಟ್ಟೆಯಲ್ಲಿ ಬಟ್ಟೆ ಕೊಂಡು ಹೊಲಿಸಿಕೊಂಡವರು ಇದ್ದೀರಾ? ಪ್ಯಾಂಟು, ಕೋಟು ಚೆನ್ನಾಗಿ ಹೊಲಿಯುವವರು ಯಾರು, ಕೂಲಿ ಎಷ್ಟಾಯಿತು? ಊರಿನಿಂದ ತಂದ ಹತ್ತಿಯ ಕುರ್ತಾವನ್ನು ಕೋಟಿನೊಳಗೆ ತೊಟ್ಟು ಇಲ್ಲಿನ ಕಚೇರಿಗೆ ಹೋಗುವ ಅಕ್ಕಂದಿರು ಇದ್ದರೆ ದಯವಿಟ್ಟು ನಿಮ್ಮ ಅನುಭವ ಬರೆಯಿರಿ. ಶನಿವಾರ ನನಗೆ ಬಿಡುವಿದೆ. ಕೊರಿಯನ್ ಚೆನ್ನಾಗಿ ಬಲ್ಲವರು ಒಬ್ಬರು ಅಂಗಡಿಗೆ ಜೊತೆಯಾಗಿ ಬಂದರೆ ದೊಡ್ಡ ಉಪಕಾರವಾಗುತ್ತದೆ.