ಮಳೆಯೇ ಬಾರದ ಚಳ್ಳಕೆರೆಯಲ್ಲಿ ಡೆಂಗ್ಯೂ ಹೇಗೆ?

ಶೇಂಗಾ ಹೊಲ:
ನಮ್ಮ ಓಣಿಯಲ್ಲಿ ಎರಡು ವಾರದಲ್ಲಿ ನಾಲ್ಕು ಮನೆಯವರು ಜ್ವರ ಬಂದು ಮಲಗಿದ್ದಾರೆ. ಇಬ್ಬರಿಗೆ ಡೆಂಗ್ಯೂ ಅಂತ ರಿಪೋರ್ಟ್ ಬಂದಿದೆ, ಅದರಲ್ಲಿ ನಮ್ಮ ಚಿಕ್ಕಪ್ಪನ ಮಗಳೂ ಒಬ್ಬಳು. ಮಳೆ ಜಾಸ್ತಿ ಆದರೆ ಸೊಳ್ಳೆ ಜಾಸ್ತಿ ಅಂತ ಚಿಕ್ಕಂದಿನಿಂದ ಕೇಳಿದ್ದೇವೆ ಅಲ್ವಾ? ಇಲ್ಲಿ ಎರಡು ಸಲ ಹನಿ ಉದುರಿದ್ದು ಬಿಟ್ಟರೆ ನೆಲವೇ ಸರಿಯಾಗಿ ನೆಂದಿಲ್ಲ, ಶೇಂಗಾ ಬಿತ್ತಿದವರೆಲ್ಲ ಆಕಾಶ ನೋಡುತ್ತಾ ಕೂತಿದ್ದೇವೆ. ಗುಂಡಿಯಲ್ಲಿ ನೀರಿಲ್ಲ, ಚರಂಡಿ ಒಣಗಿದೆ. ಹಾಗಾದರೆ ಈ ಸೊಳ್ಳೆ ಹುಟ್ಟುವುದೆಲ್ಲಿ?

ದುರ್ಗದ ಅಕ್ಕ:
ತಮ್ಮಾ, ಚರಂಡಿ ನೋಡಬೇಡ. ನಿಮ್ಮ ಬಚ್ಚಲ ಹಿಂದಿನ ಡ್ರಮ್ಮಿನ ಮುಚ್ಚಳ ತೆಗೆದು ಟಾರ್ಚ್ ಹಾಕಿ ನೋಡು. ನಾನು ಮನೆಮನೆಗೆ ಲಾರ್ವಾ, ಅಂದರೆ ನೀರಲ್ಲಿರುವ ಸೊಳ್ಳೆ ಮರಿ, ಹುಡುಕಿಕೊಂಡು ಹೋಗುವವಳು, ಅದಕ್ಕೇ ಹೇಳ್ತಿದ್ದೇನೆ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಗೆ ಬೇಕಾಗಿರುವುದು ನಾವು ಕೂಡಿಟ್ಟ ತಿಳಿನೀರು. ಮಳೆ ಕೈಕೊಟ್ಟರೆ ನಲ್ಲಿ ನೀರು ವಾರಕ್ಕೊಮ್ಮೆ ಆಗುತ್ತದೆ, ಆಗ ಜನ ತೊಟ್ಟಿ, ಹಂಡೆ, ಡ್ರಮ್ಮು, ಕೊನೆಗೆ ಹಳೇ ಪೇಂಟ್ ಡಬ್ಬಿಯನ್ನೂ ಬಿಡದೆ ತುಂಬಿಡುತ್ತಾರೆ. ಬೈಯುವುದಕ್ಕೂ ಬಾಯಿ ಬರುವುದಿಲ್ಲ, ನಮ್ಮ ಮನೆಯಲ್ಲೂ ಅದೇ ಕಥೆ.

ಇನ್ನೊಂದು ವಿಷಯ. ಈ ಸೊಳ್ಳೆ ಮೊಟ್ಟೆ ಇಡುವುದು ನೀರಿನ ಅಂಚಿಗಿಂತ ಮೇಲೆ, ಪಾತ್ರೆಯ ಗೋಡೆಗೆ ಅಂಟಿಸಿ. ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ನೀನು ಸುಮ್ನೆ ನೀರು ಚೆಲ್ಲಿ ಮತ್ತೆ ತುಂಬಿದರೆ ಅವಕ್ಕೆ ಹಬ್ಬ. ಬ್ರಷ್ ಹಾಕಿ ತಿಕ್ಕಲೇಬೇಕು.

ಬೆಣ್ಣೆ ದೋಸೆ:
ಅಕ್ಕ ಹೇಳಿದ್ದು ಸರಿ, ಆದರೆ ಬಿಸಿಯ ಲೆಕ್ಕವೂ ಇದೆ. ರೋಗಿಯ ರಕ್ತ ಕುಡಿದ ತಕ್ಷಣ ಸೊಳ್ಳೆ ರೋಗ ಹಂಚುವುದಿಲ್ಲ. ವೈರಸ್ ಅದರ ಹೊಟ್ಟೆಯಿಂದ ಜೊಲ್ಲಿಗೆ ಬರಬೇಕು, ಅದಕ್ಕೆ 25ರಿಂದ 28 ಡಿಗ್ರಿಯಲ್ಲಿ 8ರಿಂದ 12 ದಿನ ಹಿಡಿಯುತ್ತದೆ. ಇನ್ನೂ ಸ್ವಲ್ಪ ಬಿಸಿಯಾದರೆ ಬೇಗ. ಸೊಳ್ಳೆಯ ಆಯಸ್ಸೇ ಎರಡು ಮೂರು ವಾರ ಅಂದಮೇಲೆ ಎರಡು ದಿನ ಮೊದಲೇ ವೈರಸ್ ರೆಡಿಯಾದರೆ ಎಷ್ಟು ಜನರಿಗೆ ಜಾಸ್ತಿ ಕಚ್ಚುತ್ತದೆ ನೋಡಿ! ಹಾಗಂತ ನಮ್ಮ ಏಪ್ರಿಲ್ ಬಿಸಿಲನ್ನು ಸೊಳ್ಳೆಯೂ ತಡೆದುಕೊಳ್ಳುವುದಿಲ್ಲ, ಒಣಹವೆಗೆ ಬೇಗ ಸಾಯುತ್ತದೆ. ಮೋಡ ಕವಿದು, ಸೆಕೆ ಇದ್ದು, ಮಳೆ ಮಾತ್ರ ಬಾರದ ದಿನಗಳು ಇರುತ್ತವಲ್ಲ, ನೀವು ಈಗ ಅನುಭವಿಸುತ್ತಿರುವುದು, ಅದೇ ಅದಕ್ಕೆ ಹೇಳಿ ಮಾಡಿಸಿದ ಹವೆ. ಜೋರು ಮಳೆ ಬಂದರೆ ಹೊರಗೆ ಬಿದ್ದ ಟೈರು, ಚಿಪ್ಪಿನಲ್ಲಿರುವ ಮರಿಗಳಾದರೂ ಕೊಚ್ಚಿಹೋಗುತ್ತವೆ. ಡ್ರಮ್ಮಿನೊಳಗಿನದಕ್ಕೆ ಆ ಭಯವೂ ಇಲ್ಲ.

ನಾಲೆ ದಂಡೆ:
ನಮ್ಮ ಹರಿಹರದ ಕಡೆ ಉಲ್ಟಾ ಸ್ವಾಮಿ. ಭದ್ರಾ ನಾಲೆ ಬಿಟ್ಟರೆ ಗದ್ದೆ ತುಂಬಾ ನೀರು, ಸಂಜೆ ಜಗಲಿ ಮೇಲೆ ಕೂರಲು ಆಗುವುದಿಲ್ಲ. ಡೆಂಗ್ಯೂ ಅದರಿಂದಲೇನಾ?

ಬೆಣ್ಣೆ ದೋಸೆ:
ಅಲ್ಲ. ಗದ್ದೆಯದು ಕ್ಯೂಲೆಕ್ಸ್ ಜಾತಿ, ಕತ್ತಲಾದ ಮೇಲೆ ಕಚ್ಚುತ್ತದೆ. ಅದು ಮೆದುಳು ಜ್ವರ ಹರಡಬಲ್ಲದು, ಡೆಂಗ್ಯೂ ಅಲ್ಲ. ಈಡಿಸ್ ಹಗಲು ಕಚ್ಚುವುದು, ಬೆಳಿಗ್ಗೆ ಮತ್ತು ಹೊತ್ತು ಮುಳುಗುವ ಮೊದಲು ಜಾಸ್ತಿ. 2006ರಲ್ಲಿ ಊರೂರೇ ಚಿಕುನ್‌ಗುನ್ಯಾದಿಂದ ಗಂಟು ಹಿಡಿದು ಕುಂಟುತ್ತಿದ್ದದ್ದು ನೆನಪಿದೆಯಾ? ಅದೂ ಇದೇ ಈಡಿಸ್ ಕೆಲಸ.

ಶೇಂಗಾ ಹೊಲ:
ಅಕ್ಕಾ, ನೋಡಿದೆ. ಡ್ರಮ್ಮಿನ ತುಂಬಾ ಕುಣಿಯುತ್ತಿವೆ. ಅಜ್ಜಿ ಇಷ್ಟು ದಿನ "ಮೀನಿನ ಮರಿ ಇರಬೇಕು ಬಿಡು" ಅಂತ ಅದೇ ನೀರಲ್ಲಿ ಪಾತ್ರೆ ತೊಳೆದಿದ್ದಾಳೆ. ಆದರೆ ಇನ್ನು ನಲ್ಲಿ ಬರುವುದು ಬುಧವಾರ, ಇನ್ನೂರು ಲೀಟರ್ ಚೆಲ್ಲು ಅಂದರೆ ಮನೆಯಲ್ಲಿ ನನ್ನನ್ನೇ ಹೊರಗೆ ಹಾಕುತ್ತಾರೆ.

ದುರ್ಗದ ಅಕ್ಕ:
ಚೆಲ್ಲಬೇಡ. ಹಳೇ ಪಂಚೆಯನ್ನು ಎರಡು ಮಡಿಕೆ ಮಾಡಿ ಬೇರೆ ಪಾತ್ರೆಗೆ ಸೋಸು, ಬಟ್ಟೆಯನ್ನು ಬಿಸಿಲಿಗೆ ಹರವು. ಖಾಲಿ ಡ್ರಮ್ಮಿನ ಒಳಗೋಡೆ ಚೆನ್ನಾಗಿ ತಿಕ್ಕಿ, ಆ ಗಲೀಜು ಒಣನೆಲಕ್ಕೆ ಸುರಿದು, ಸೋಸಿದ ನೀರು ವಾಪಸ್ ಹಾಕು. ಬಾಯಿಗೆ ಬಟ್ಟೆ ಬಿಗಿಯಾಗಿ ಕಟ್ಟು. ಮೊಟ್ಟೆ ಸೊಳ್ಳೆಯಾಗಲು ಈ ಹವೆಗೆ ವಾರ, ಹತ್ತು ದಿನ ಸಾಕು, ಹಾಗಾಗಿ ವಾರಕ್ಕೊಮ್ಮೆ ತಪ್ಪಿಸಬೇಡ. ಪಕ್ಕದ ಮನೆಯವರ ಡ್ರಮ್ಮೂ ನೋಡು, ಜಗಳಕ್ಕೆ ಬಂದರೆ ನನ್ನ ಹೆಸರು ಹೇಳು.