ಸಹಾಯ ಬೇಕು: ಫಿಲ್ ಕಾಲಿನ್ಸ್ ಅವರ ಡ್ರಮ್ ನಾದ ಚಿಕ್ಕ ಕೋಣೆಯಲ್ಲಿ ಸಾಧ್ಯವೇ?

ಎಲ್ಲರಿಗೂ ನಮಸ್ಕಾರ. ಜೆನೆಸಿಸ್ ತಂಡದ ಡ್ರಮ್ಮರ್ ಹಾಗೂ ಗಾಯಕರಾಗಿದ್ದ ಫಿಲ್ ಕಾಲಿನ್ಸ್ ಅವರು 1981ರ ಜನವರಿಯಲ್ಲಿ ಹೊರತಂದ ಮೊದಲ ಸೋಲೋ ಸಿಂಗಲ್ ‘ಇನ್ ದಿ ಏರ್ ಟುನೈಟ್’ ಬ್ರಿಟನ್ನಿನಲ್ಲಿ ಎರಡನೆಯ ಸ್ಥಾನಕ್ಕೇರಿದ ಹಾಡು. ಅದರ ಆಲ್ಬಂ ಆವೃತ್ತಿಯಲ್ಲಿ ಮೂರೂವರೆ ನಿಮಿಷಕ್ಕೂ ಹೆಚ್ಚು ಕಾಲ ಡ್ರಮ್ ಮಷೀನಿನ ಸಣ್ಣ ತಾಳವಷ್ಟೇ ನಡೆದು, ಬಳಿಕ ಇದ್ದಕ್ಕಿದ್ದಂತೆ ಟಾಮ್‌ಗಳು (ಡ್ರಮ್ ಸೆಟ್ಟಿನ ಆಳದ ದನಿಯ ಡ್ರಮ್‌ಗಳು) ಗುಡುಗುತ್ತವೆ. ಪ್ರತಿ ಪೆಟ್ಟಿನ ಅನುರಣನವು (ಪೆಟ್ಟಿನ ಬಳಿಕ ಉಳಿಯುವ ಮೊಳಗು) ದೊಡ್ಡದಾಗಿ ಎದ್ದು, ಮರುಕ್ಷಣವೇ ಕತ್ತರಿಸಿದಂತೆ ನಿಲ್ಲುತ್ತದೆ. ರಾಕ್ ಸಂಗೀತದಲ್ಲಿ ಇದಕ್ಕಿಂತ ಸೊಗಸಾದ ಡ್ರಮ್ ಪ್ರವೇಶವನ್ನು ನಾನು ಕೇಳಿಲ್ಲ.

ನಮ್ಮ ತಂಡದ ಧ್ವನಿಮುದ್ರಣಕ್ಕೆ ಇದೇ ಬಗೆಯ ನಾದ ಬೇಕಾಗಿದೆ. ರೂಮ್ ಮೈಕ್‌ನ (ಡ್ರಮ್‌ನಿಂದ ದೂರವಿಟ್ಟು ಕೋಣೆಯ ಸದ್ದು ಹಿಡಿಯುವ ಮೈಕ್) ಧ್ವನಿಯನ್ನು ಬಲವಾಗಿ ಕಂಪ್ರೆಸ್ ಮಾಡಿ (ಜೋರು-ಮೆಲು ಸದ್ದುಗಳ ಅಂತರ ತಗ್ಗಿಸಿ), ನಾಯ್ಸ್ ಗೇಟ್ (ಸದ್ದು ಒಂದು ಮಟ್ಟಕ್ಕಿಂತ ಇಳಿದಾಗ ಅದನ್ನು ತಡೆಯುವ ಸಾಧನ) ಮೂಲಕ ಹಾಯಿಸುವ ವಿಧಾನ ತಿಳಿದಿದೆ. ಆದರೆ ನಮ್ಮ ಕೋಣೆ ಚಿಕ್ಕದಾಗಿರುವುದರಿಂದ ಅನುರಣನವೇ ಸಾಲದು. ಜೊತೆಗೆ ಸಿಂಬಲ್ (ಡ್ರಮ್ ಸೆಟ್ಟಿನ ಲೋಹದ ತಟ್ಟೆ) ಸದ್ದಿಗೂ ಗೇಟ್ ತೆರೆದುಕೊಂಡು, ನಾದದ ಬಾಲ ಒಂದೊಂದು ಪೆಟ್ಟಿಗೆ ಒಂದೊಂದು ಬಗೆಯಲ್ಲಿ ತುಂಡಾಗುತ್ತಿದೆ.

ಟಾಮ್‌ಗಳ ಹತ್ತಿರದ ಮೈಕ್‌ನಿಂದ ಸೈಡ್‌ಚೈನ್ ಕೊಟ್ಟು (ಅಂದರೆ ಆ ಮೈಕ್‌ನ ಸದ್ದಿಗೆ ಮಾತ್ರ ಸ್ಪಂದಿಸುವಂತೆ ಮಾಡಿ) ಗೇಟ್ ತೆರೆಸುವುದು ಸೂಕ್ತವೇ? ಹೋಲ್ಡ್ (ಗೇಟ್ ತೆರೆದೇ ಇರುವ ಅವಧಿ) ಮತ್ತು ರಿಲೀಸ್ (ಅದು ಮುಚ್ಚಿಕೊಳ್ಳಲು ಹಿಡಿಯುವ ಅವಧಿ) ಎಷ್ಟಿರಬೇಕು? ಕೃತಕ ರಿವರ್ಬ್ (ಅನುರಣನ) ಸೇರಿಸುವುದಾದರೆ ಅದನ್ನು ಕಂಪ್ರೆಸರ್‌ಗಿಂತ ಮೊದಲೇ ಇಡಬೇಕೇ? ಇಂಥ ಕೆಲಸ ಮಾಡಿದವರು ದಯವಿಟ್ಟು ವಿವರವಾಗಿ ತಿಳಿಸಬೇಕಾಗಿ ವಿನಂತಿ.