ಮುತ್ತಜ್ಜನ ಹಿಂದಿನ ತಲೆಮಾರು ಹುಡುಕಬೇಕು: ಪಹಣಿ, ಮುಯ್ಯಿ ಪುಸ್ತಕ, ಹಳೇ ಫೋಟೊ ಇವೆ. ಎಲ್ಲಿಂದ ಶುರು ಮಾಡಲಿ?

ಶಿರಾಸೀಮೆ:
ಊರು ಶಿರಾ ತಾಲ್ಲೂಕಿನ ಒಂದು ಹಳ್ಳಿ. ತಾತನ ಅಪ್ಪನ ಹೆಸರಿನವರೆಗೆ ಗೊತ್ತು, ಅದರಾಚೆ ಏನೂ ತಿಳಿಯದು. ಕೈಲಿರುವುದು: ಈಗಿನ ಪಹಣಿ, ಕಟ್ಟು ಹಾಕಿಸಿದ ಮೂರು ಫೋಟೊ, ನಾಲ್ಕು ಮುಯ್ಯಿ ಪುಸ್ತಕ (ಮದುವೆಗೆ ಯಾರು ಏನು ಉಡುಗೊರೆ ಕೊಟ್ಟರು ಅನ್ನುವ ಲೆಕ್ಕ), ಮಡಿಕೆ ಮಡಿಕೆಯಾಗಿ ಮಡಚಿದ ಒಂದು ಕರೀ ಬಟ್ಟೆಯ ಕಡತ. ಒಂದು ಫೋಟೊದ ಹಿಂದೆ "ಧಾತು ಸಂ|| ಮಾಘ ಶು 5" ಅಂತ ಶಾಯಿಯಲ್ಲಿ ಬರೆದಿದೆ, ಇದು ಯಾವ ಇಸವಿ? ಇನ್ನೊಂದು ಫೋಟೊ ಗಾಜಿಗೇ ಅಂಟಿಕೊಂಡಿದೆ. ವಂಶವೃಕ್ಷದ ಸರ್ಟಿಫಿಕೇಟ್ ಮಾಡಿಸಿದರೆ ಎಲ್ಲ ಸಿಗುತ್ತದೆ ಅನ್ನುತ್ತಾರೆ, ನಿಜವೇ?

ಖಾತೆಕಡತ:
ಇಲ್ಲ. ಆ ಸರ್ಟಿಫಿಕೇಟ್ ನೀವೇ ಅಫಿಡವಿಟ್‌ನಲ್ಲಿ ಬರೆದುಕೊಟ್ಟದ್ದನ್ನು ಮಹಜರು ಮಾಡಿ ನಿಮಗೇ ವಾಪಸ್ ಕೊಡುವುದು. ನಿಮಗೆ ಗೊತ್ತಿಲ್ಲದ ಹೆಸರು ಅದರಲ್ಲಿ ಎಲ್ಲಿಂದ ಬರಬೇಕು?

ಹೆಸರು ಹಿಡಿದು ಹೊರಡಬೇಡಿ, ಸರ್ವೆ ನಂಬರ್ ಹಿಡಿದು ಹೊರಡಿ. ತಾತನ ಹೆಸರು ಮೊಮ್ಮಗನಿಗೆ ಇಡುವ ಕಡೆ ಒಂದೇ ಊರಲ್ಲಿ ಒಂದೇ ಕಾಲಕ್ಕೆ ಮೂವರು ರಂಗಪ್ಪಂದಿರು ಇರುತ್ತಾರೆ. ಹೊಲ ಮಾತ್ರ ಇದ್ದಲ್ಲೇ ಇರುತ್ತದೆ.

ಈಗಿನ ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರು, 10ರಲ್ಲಿ ಜಮೀನು ಹೇಗೆ ಬಂತು ಅನ್ನುವುದು ಮತ್ತು ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್, ಅಂದರೆ ಖಾತೆ ಬದಲಾವಣೆಯ ವಹಿ) ನಂಬರು ಇರುತ್ತದೆ. ಆ ನಂಬರು, ವರ್ಷ ಬರೆದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಮ್ಯುಟೇಶನ್ ನಕಲಿಗೆ ಅರ್ಜಿ ಹಾಕಿ. ಭೂ ಸುರಕ್ಷಾ ಯೋಜನೆಯಲ್ಲಿ ಹಳೇ ಕಡತಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ, ನಿಮ್ಮ ಹೋಬಳಿಯದು ಆಗಿದೆಯೇ ಅಂತ ಮೊದಲು ಕೇಳಿ. ಕ್ರಯದ ಮ್ಯುಟೇಶನ್ ನಿಮಗೆ ಅಷ್ಟು ಉಪಯೋಗಕ್ಕಿಲ್ಲ. ಬೇಕಾದ್ದು ಪೌತಿ (ಸತ್ತವರಿಂದ ವಾರಸುದಾರರಿಗೆ ಖಾತೆ) ಮತ್ತು ವಿಭಾಗದವು (ಪಾಲು). ಪೌತಿಯಲ್ಲಿ ಸತ್ತವರು ಯಾರು, ವಾರಸುದಾರರು ಯಾರು, ಏನು ಸಂಬಂಧ ಅನ್ನುವುದು ಸಿಗುತ್ತದೆ. ವಿಭಾಗದಲ್ಲಿ ಅಣ್ಣತಮ್ಮಂದಿರು ಒಟ್ಟಿಗೆ ಸಿಗುತ್ತಾರೆ. ಅಲ್ಲಿಂದ ಕೈಬರಹದ ಪಹಣಿ, ಅದಕ್ಕೂ ಹಿಂದಕ್ಕೆ ಐ.ಎಲ್. (ಇಂಡೆಕ್ಸ್ ಆಫ್ ಲ್ಯಾಂಡ್ಸ್) ಮತ್ತು ಆರ್.ಆರ್. (ರೆಕಾರ್ಡ್ ಆಫ್ ರೈಟ್ಸ್) ವಹಿ.

ಎರಡು ಕಡೆ ಎಡವುತ್ತಾರೆ. ಒಂದು, ಪೋಡಿ (ಅಳೆದು ತುಂಡು ಮಾಡುವುದು) ಆದಮೇಲೆ 45 ಅನ್ನುವುದು 45/1, 45/2 ಆಗಿರುತ್ತದೆ, ಹಳೇ ವಹಿಯಲ್ಲಿ 45/2 ಹುಡುಕಿದರೆ ಸಿಗದು, ಬರೀ 45 ನೋಡಬೇಕು. ರೀಸರ್ವೆ ಆಗಿದ್ದರೆ ನಂಬರೇ ಬೇರೆ, ಹಳೇ ನಂಬರಿಗೆ ಆಕಾರಬಂದ್ (ಸರ್ವೆ ನಂಬರು, ವಿಸ್ತೀರ್ಣ, ಕಂದಾಯದ ವಹಿ) ನೋಡಿ. ಎರಡು, "ಬಿನ್", "ಕೋಂ", "ಉರುಫ್" ಬಿಟ್ಟು ಬರೆದುಕೊಳ್ಳುವುದು. "ರಂಗಪ್ಪ ಬಿನ್ ಚಿಕ್ಕಣ್ಣ" ಅಂದರೆ ಚಿಕ್ಕಣ್ಣನ ಮಗ, "ರಂಗಮ್ಮ ಕೋಂ ರಂಗಪ್ಪ" ಅಂದರೆ ರಂಗಪ್ಪನ ಹೆಂಡತಿ, "ಉರುಫ್" ಅಂದರೆ ಅದೇ ವ್ಯಕ್ತಿಯ ಇನ್ನೊಂದು ಹೆಸರು. ಒಂದು ತಲೆಮಾರೇ ಆ ಒಂದು ಪದದಲ್ಲಿ ಕೂತಿರುತ್ತದೆ.

ಬೆಳ್ಳಿಕಾಗದ:
ಗಾಜಿಗೆ ಅಂಟಿದ್ದನ್ನು ಕೀಳಬೇಡಿ. ತೇವಕ್ಕೆ ಫೋಟೊದ ಮೇಲಿನ ಜಿಲೆಟಿನ್ ಮೆತ್ತಗಾಗಿ ಗಾಜಿಗೆ ಕಚ್ಚಿರುತ್ತದೆ. ಬ್ಲೇಡ್ ಹಾಕಿದರೆ ಮುಖ ಗಾಜಿನಲ್ಲಿ ಉಳಿಯುತ್ತದೆ, ಕಾಗದ ನಿಮ್ಮ ಕೈಗೆ ಬರುತ್ತದೆ. ಹಿಂದಿನ ಮೊಳೆಗಳನ್ನು ಇಕ್ಕಳದಲ್ಲಿ ನೇರಕ್ಕೆ ಎಳೆದು ಹಲಗೆ ಮಾತ್ರ ತೆಗೆಯಿರಿ, ಗಾಜಿನ ಸಮೇತ ಪ್ರತಿ ಮಾಡಿಕೊಳ್ಳಿ.

ತೆಳ್ಳನೆಯ ಅಗ್ಗದ ಸ್ಕ್ಯಾನರುಗಳಲ್ಲಿರುವ ಸಿ.ಐ.ಎಸ್. ಸೆನ್ಸರಿಗೆ ಗಾಜಿನ ದಪ್ಪದಾಚೆ ಫೋಕಸ್ ಸಿಗುವುದಿಲ್ಲ, ಮಸುಕಾಗುತ್ತದೆ. ಸಿ.ಸಿ.ಡಿ. ಸೆನ್ಸರಿನ ಸ್ಕ್ಯಾನರ್ ಇದ್ದರೆ ಸರಿ. ಇಲ್ಲವೇ ಮೊಬೈಲೇ ಸಾಕು: ಫೋಟೊವನ್ನು ಕಿಟಕಿಗೆ ಅಡ್ಡವಾಗಿ ನಿಲ್ಲಿಸಿ ಬೆಳಕು ಪಕ್ಕದಿಂದ ಬೀಳುವಂತೆ ಮಾಡಿ, ನಿಮ್ಮ ಬೆನ್ನ ಹಿಂದೆ ಕಪ್ಪು ಕಂಬಳಿ ಕಟ್ಟಿ. ಗಾಜಿನಲ್ಲಿ ಹಿಂದಿನದರ ಪ್ರತಿಬಿಂಬ ಕಡಿಮೆಯಾಗುತ್ತದೆ.

ಬಿಡಿ ಫೋಟೊಗಳನ್ನು ಸ್ಕ್ಯಾನ್ ಮಾಡಲು 600 ಡಿ.ಪಿ.ಐ. (ಇಂಚಿಗೆ 600 ಚುಕ್ಕಿ). 4×6 ಇಂಚಿನದು 2400×3600 ಪಿಕ್ಸೆಲ್ ಬರುತ್ತದೆ. ಗುಂಪು ಫೋಟೊದ ಸಣ್ಣ ಮುಖಗಳಿಗೆ 1200. ಆಟೋ ಕಲರ್ ಆಫ್ ಮಾಡಿ, ಟಿಫ್‌ನಲ್ಲಿ ಉಳಿಸಿ, ಬೆನ್ನನ್ನೂ ಸ್ಕ್ಯಾನ್ ಮಾಡಿ. ನೆಂಟರಿಗೆ ವಾಟ್ಸಾಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಫೋಟೊ ಆಗಿ ಕಳಿಸಿದರೆ ಗಾತ್ರ ಕುಗ್ಗಿ ಮುಖ ಕಲಸಿಹೋಗುತ್ತದೆ.

ಕಾಲ ಹೇಳುವಾಗ ಬಟ್ಟೆ ನಂಬಬೇಡಿ. ಕೋಟು, ಪೇಟ ಸ್ಟುಡಿಯೋದಲ್ಲೇ ತೊಡಲು ಸಿಗುತ್ತಿದ್ದವು. ಗುಂಪು ಫೋಟೊದಿಂದ ಒಂದು ಮುಖ ದೊಡ್ಡದು ಮಾಡಿಸಿ ಕತ್ತಿನ ಕೆಳಗೆ ಕೋಟನ್ನು ಕುಂಚದಲ್ಲಿ ಬರೆಸಿದ್ದೂ ಉಂಟು. ಕಾಗದ ನೋಡಿ. ಕಪ್ಪು ಭಾಗವನ್ನು ಬೆಳಕಿಗೆ ಓರೆ ಹಿಡಿದಾಗ ನೀಲಿ ಛಾಯೆಯ ಕನ್ನಡಿ ಹೊಳಪು ಕಂಡರೆ ಹಳೇ ಬೆಳ್ಳಿ ಮುದ್ರಣ. ಬೆನ್ನು ಪ್ಲಾಸ್ಟಿಕ್‌ನಂತೆ ನುಣ್ಣಗಿದ್ದರೆ 1970ರ ದಶಕದಿಂದ ಈಚಿನ ಕಾಗದ. ಆದರೆ ಹೊಸ ಕಾಗದದ ಮೇಲೆ ಹಳೇ ಫೋಟೊದ ನಕಲು ಇರಬಹುದು. ಮಡಿಕೆಯ ಗೆರೆ ಕಣ್ಣಿಗೆ ಕಾಣುತ್ತದೆ, ಬೆರಳು ಆಡಿಸಿದರೆ ಸಿಗುವುದಿಲ್ಲ ಅಂದರೆ ಅದು ನಕಲು.

ತೋರಣ:
"ಧಾತು" ಸಂವತ್ಸರ 60 ವರ್ಷಕ್ಕೊಮ್ಮೆ ಬರುತ್ತದೆ: 1876, 1936, 1996ರ ಯುಗಾದಿಯಿಂದ. ಶಾಯಿ, ಕಾಗದ ಹಳೆಯದಾದರೆ ನಡುವಿನದೇ ಇರಬೇಕು. ಆದರೆ 1936 ಅಂತ ಬರೆಯಬೇಡಿ. ಸಂವತ್ಸರ ಮುಗಿಯುವುದು ಮುಂದಿನ ಯುಗಾದಿಗೆ, ಮಾಘ ಬರುವುದು ಅದರ ಕೊನೆಗೆ. ಹಾಗಾಗಿ 1937.

ಮನೆತನಗಳ ವಂಶಾವಳಿ ಬರೆದಿಟ್ಟು ಊರೂರಿಗೆ ಬಂದು ಓದುವ ಹೆಳವರನ್ನು ಯಾಕೆ ಯಾರೂ ಹೇಳಲಿಲ್ಲ? ಒಂದೊಂದು ಹೆಳವರ ಮನೆಗೆ ಇಂತಿಷ್ಟು ಒಕ್ಕಲು ಅಂತ ಹಂಚಿಕೆ ಇರುತ್ತದೆ. ನಿಮ್ಮ ಊರಿಗೆ ಬರುವವರು ಯಾರು ಅಂತ ಹಿರಿಯರನ್ನು ಕೇಳಿ, ಬೆಡಗು (ಕುಲದ ಕವಲು), ಮನೆದೇವರು, ಮೂಲದ ಊರು ಮೂರನ್ನೂ ಹೇಳಿ ಓದಿಸಿ, ಕಾಣಿಕೆ ಕೊಟ್ಟು ಪುಟದ ಫೋಟೊ ತೆಗೆಯಲು ಒಪ್ಪಿಗೆ ಕೇಳಿ.

ಖಾತೆಕಡತ:
ಒಪ್ಪಿದೆ. ಆದರೆ ಹೆಳವರ ಪುಸ್ತಕವನ್ನು ಹೊಸದಾಗಿ ನಕಲು ಮಾಡುವಾಗ ಸಂತಾನವಿಲ್ಲದ ಕವಲು ಬಿಟ್ಟುಹೋಗಬಹುದು. ಎರಡು ಹೆಸರಾದರೂ ಪೌತಿಗೆ ತಾಳೆಯಾದ ಮೇಲೆ ನಂಬಿ. ಶಾಲೆಯ ದಾಖಲಾತಿ ವಹಿಯೂ ಹಾಗೇ. ಅಪ್ಪನ ಹೆಸರಿಗೆ ಒಳ್ಳೇದು, ಹುಟ್ಟಿದ ದಿನಕ್ಕೆ ಅಲ್ಲ. ಸೇರಿಸುವ ವಯಸ್ಸಿಗೆ ಹೊಂದುವಂತೆ ಮೇಷ್ಟ್ರು ಹಾಕಿದ ತಾರೀಕು ಅದು.

ತೋರಣ:
ಹೆಣ್ಣುಮಕ್ಕಳ ವಿಷಯ ಯಾರೂ ಎತ್ತಿಲ್ಲ. ಒಟ್ಟು ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಅಂತ ಕರ್ನಾಟಕದಲ್ಲಿ ತಿದ್ದುಪಡಿ ಬಂದದ್ದು 1994ರಲ್ಲಿ. ಅದಕ್ಕೂ ಹಿಂದಿನ ಎಷ್ಟೋ ಪೌತಿ ಖಾತೆಗಳಲ್ಲಿ ಗಂಡುಮಕ್ಕಳ ಹೆಸರಷ್ಟೇ. ಹೆಳವರಲ್ಲೂ ಹೆಚ್ಚಾಗಿ ಗಂಡು ಕವಲೇ.

ನಿಮ್ಮ ಮುಯ್ಯಿ ಪುಸ್ತಕ ಅಲ್ಲಿ ಉಪಯೋಗಕ್ಕೆ ಬರುತ್ತದೆ. ಊರು, ಹೆಸರು, ಮೊತ್ತ ಮೂರು ಕಾಲಂ ಮಾಡಿ ನಾಲ್ಕನ್ನೂ ಎಕ್ಸೆಲ್‌ಗೆ ಇಳಿಸಿ, ಊರಿನ ಮೇಲೆ ಸಾರ್ಟ್ ಮಾಡಿ. ಎಲ್ಲರೂ 2 ರೂಪಾಯಿ, 5 ರೂಪಾಯಿ ಹಾಕಿದ ಮದುವೆಯಲ್ಲಿ ಬೇರೂರಿನ ಒಬ್ಬರು 51 ಹಾಕಿ ಸೀರೆ, ಪಂಚೆಯನ್ನೂ ತಂದಿದ್ದರೆ ಆ ಊರಿಗೆ ನಿಮ್ಮ ಮನೆಯ ಹೆಣ್ಣು ಕೊಟ್ಟಿರಬೇಕು, ಇಲ್ಲವೇ ತಂದಿರಬೇಕು. ಅದೇ ಊರು ಎರಡನೇ ಪುಸ್ತಕದಲ್ಲೂ ಬಂದರೆ ಅಲ್ಲಿಗೆ ಹೋಗಿ, ಫೋಟೊ ಕೈಲಿ ಹಿಡಿದು. ತವರಿನ ಫೋಟೊದ ಇನ್ನೊಂದು ಪ್ರತಿ ಮಗಳ ಮನೆಯಲ್ಲಿ ಸಿಗುವುದುಂಟು, ಕೆಲವೊಮ್ಮೆ ಹೆಸರು ಬರೆದದ್ದು.

ತೋರಿಸುವಾಗ "ಇವರು ನಮ್ಮ ಮುತ್ತಜ್ಜ ಅಲ್ವಾ?" ಅಂತ ಕೇಳಬೇಡಿ, ಹೌದು ಅಂದುಬಿಡುತ್ತಾರೆ. "ಇವರು ಯಾರು?" ಅಂತಷ್ಟೇ ಕೇಳಿ. ಇಬ್ಬರನ್ನು ಬೇರೆ ಬೇರೆ ಕೂರಿಸಿ ಕೇಳಿ.

ಶಿರಾಸೀಮೆ:
ಎಲ್ಲರಿಗೂ ಧನ್ಯವಾದ. ಮುಯ್ಯಿ ಪುಸ್ತಕ ಇಳಿಸಲು ಕೂತಿದ್ದೇನೆ. ಕಡತವನ್ನು ಒದ್ದೆ ಬಟ್ಟೆಯಲ್ಲಿ ಒರೆಸಬಹುದೇ? ತುಂಬ ಧೂಳಿದೆ.

ಬೆಳ್ಳಿಕಾಗದ:
ಬೇಡವೇ ಬೇಡ, ಒಣ ಬಟ್ಟೆಯಲ್ಲೂ ಬೇಡ! ಕಡತ ಅಂದರೆ ಹುಣಸೆ ಬೀಜದ ಸರಿಗೆ ಇದ್ದಿಲ ಪುಡಿ ಬೆರೆಸಿ ಬಳಿದ ಬಟ್ಟೆ, ಬರಹ ಬಳಪದ್ದು. ಒರೆಸಿ ಮತ್ತೆ ಬರೆಯಲೆಂದೇ ಮಾಡಿದ್ದು, ಒರೆಸಿದರೆ ಹೋಗಿಯೇ ಹೋಗುತ್ತದೆ. ಒಂದೊಂದೇ ಮಡಿಕೆ ಬಿಚ್ಚಿ, ಬಗ್ಗದಿದ್ದರೆ ಬಲವಂತ ಬೇಡ. ಟಾರ್ಚನ್ನು ಪಕ್ಕದಿಂದ ತಗ್ಗಿಸಿ ಹಿಡಿದು ಫೋಟೊ ತೆಗೆಯಿರಿ, ಅಳಿಸಿದ ಗೆರೆಯೂ ಎದ್ದು ಕಾಣಬಹುದು. ಓದುವಾಗ ಎಕರೆ, ಗುಂಟೆ ಹುಡುಕಬೇಡಿ, ಲೆಕ್ಕ ಬಿತ್ತನೆ ಬೀಜದ ಅಳತೆಯಾದ ಖಂಡುಗ, ಕೊಳಗದಲ್ಲಿ ಇರಬಹುದು, 20 ಕೊಳಗಕ್ಕೆ ಒಂದು ಖಂಡುಗ. ಶಾನುಭೋಗರ ಮೋಡಿ ಅಕ್ಷರ (ಕೂಡಿಸಿ ಬೇಗ ಬರೆಯುವ ಹಳೇ ಬರಹ) ಆದರೆ ಇಲ್ಲಿ ಹಾಕಿ, ಓದುವವರು ಇದ್ದಾರೆ.